ಬೆರಳು ಸಾಲದ ಶಾಯಿ

ಕಾಲೇಜಿನ ಗ್ರಂಥಾಲಯವೇ ಮತಗಟ್ಟೆಯಾಗಿದ್ದ ದಿನ, ಒಂದೇ ಮೇಜಿನ ಮೇಲೆ ಶಾಯಿಬುಡ್ಡಿಯೂ ಸ್ಯಾನಿಟೈಸರ್ ಬಾಟಲಿಯೂ ಕೂತಿದ್ದವು. ಮಾಸ್ಕ್ ಹಾಕಿಕೊಂಡು ಬಂದ ವಿದ್ಯಾರ್ಥಿಗಳು ಬಾಟಲಿಯ ಮುಂದೆ ಎರಡೂ ಅಂಗೈ ಒಡ್ಡುತ್ತಿದ್ದರು. ಶಾಯಿಗೆ ಸಿಗುತ್ತಿದ್ದದ್ದು ಎಡಗೈಯ ತೋರುಬೆರಳೊಂದೇ. ಅದಕ್ಕೆ ಹೊಟ್ಟೆ ಉರಿದುಹೋಯಿತು.

“ನಿನ್ನೆ ಮೊನ್ನೆ ಬಂದವನು ನೀನು. ಕೈಗೆ ಬಿದ್ದ ಗಳಿಗೆಯಲ್ಲೇ ಆರಿಹೋಗುತ್ತೀಯೆ. ನಿನಗೆ ಎರಡು ಕೈ, ವಾರಗಟ್ಟಲೆ ಉಳಿಯುವ ನನಗೆ ಒಂದು ಬೆರಳೇ?” ಎಂದಿತು.

“ಆ ಬೆರಳಿಗೆ ಹೊರಗೆ ಎಂಥ ಮರ್ಯಾದೆ, ನೋಡು,” ಎಂದಿತು ಬಾಟಲಿ.

ಹೊರಗೆ, ಮೊದಲ ಸಲ ಮತ ಹಾಕಿದ ಕಸ್ತೂರಿ ಎಂಬ ಹುಡುಗಿ ಶಾಯಿ ಹತ್ತಿದ ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಶಾಯಿ ಅತ್ತ ನೋಡಲೂ ಇಲ್ಲ.

“ಅದೆಲ್ಲ ಬೇಡ. ನನಗೆ ಅಗಲವಾದ ಜಾಗ ಬೇಕು.”

“ಬೆರಳು ತೋರಿಸಿದರೆ ಹಸ್ತ ನುಂಗುವ ಬುದ್ಧಿ ನಿನ್ನದು,” ಎಂದಿತು ಬಾಟಲಿ.

ಚುನಾವಣೆ ಮುಗಿದು ವಾರವಾಗುವುದರೊಳಗೆ ಹಾಸ್ಟೆಲಿಗೆ ಕೊರೊನಾ ಹೊಕ್ಕಿತು. ಕೋಣೆ ಬಿಟ್ಟು ಹೊರಗೆ ಬರಬಾರದವರ ಕೈಗೆ ಸೀಲು ಹೊಡೆಯಲು, ಉಳಿದಿದ್ದ ಅದೇ ಶಾಯಿಯನ್ನು ತಂದರು. ಕಸ್ತೂರಿಯ ಎಡಗೈ ಮೇಲೆ ಅಂಗಾತ ಹರಡಿಕೊಂಡು ಶಾಯಿ ಬೀಗಿತು. ಮತಗಟ್ಟೆಯಿಂದ ಹಾಸ್ಟೆಲಿನ ಕಿಟಕಿಗೆ ಬಂದು ಕೂತಿದ್ದ ಬಾಟಲಿಯನ್ನು ಕೂಗಿ, “ಈಗ ನನ್ನನ್ನು ನೋಡು,” ಎಂದಿತು.

“ನೋಡುವುದಕ್ಕೆ ಅವಳು ಬಿಡಬೇಕಲ್ಲ,” ಎಂದಿತು ಬಾಟಲಿ.

ಕಸ್ತೂರಿ ಆಗಲೇ ಸ್ವೆಟರಿನ ತೋಳನ್ನು ಸೀಲಿನ ಮೇಲೆ ಎಳೆದುಕೊಂಡಿದ್ದಳು. ಬೆಳಕಿನಲ್ಲಿ ಉಳಿದದ್ದು ಬೆರಳಿನ ಮೇಲಿನ ಹಳೆಯ ಗುರುತೊಂದೇ. ತೋಳಿನೊಳಗಿನ ಕತ್ತಲಲ್ಲಿ ಕೂತ ಶಾಯಿಗೆ ಈಗ ಆ ಗುರುತಿನ ಮೇಲೆಯೇ ಹೊಟ್ಟೆಕಿಚ್ಚು.