ಓಗೊಟ್ಟಮ್ಮನವರು ಕೂಗುಗಲ್ಲಿನಲ್ಲಿ ನೆಲೆಸಿದ ಕಥೆ

ಕರೆಯುವ ಮೊದಲೇ ಕಿವಿಗೊಡುವವಳೂ, ಕಲ್ಲೊಳಗಿದ್ದೂ ಕರುಳುಳ್ಳವಳೂ, ಆರ್ತಜನರ ಕಂಠಕ್ಕೆ ಪ್ರತಿಕಂಠವಾಗಿ ನಿಂತವಳೂ ಆದ ಶ್ರೀ ಓಗೊಟ್ಟಮ್ಮನವರ ಪಾದಾರವಿಂದಗಳಿಗೆ ನಮೋ ನಮಃ. ಬೆಟ್ಟವೇರಿ ಬಂದ ತಾಯಂದಿರೇ, ಮಹನೀಯರೇ, ಮಂಟಪದ ನೆರಳಿನಲ್ಲಿ ಒಂದು ಗಳಿಗೆ ದಣಿವಾರಿಸಿಕೊಳ್ಳಿ; ಅಮ್ಮನವರು ಇಲ್ಲಿ ನೆಲೆಸಿದ ಪರಿಯನ್ನು ಹಿರಿಯರಿಂದ ಕೇಳಿದಂತೆಯೇ ಅರಿಕೆ ಮಾಡುತ್ತೇನೆ.

ಪೂರ್ವಕಾಲದಲ್ಲಿ, ಈ ಗಿರಿಗಿನ್ನೂ ಕೂಗುಗಲ್ಲೆಂಬ ಹೆಸರೇ ಇಲ್ಲದಿದ್ದಾಗ, ಮುತ್ತುಗದ ಮರಗಳಿಂದ ನಿಬಿಡವಾಗಿದ್ದ ಇದರ ತಪ್ಪಲಿನಲ್ಲಿ ಕಾಟಯ್ಯನೆಂಬ ಬೇಟೆಗಾರನು ಪತ್ನಿ ಮುದ್ದವ್ವ ಮತ್ತು ಐದು ವರ್ಷದ ಮಗಳು ಕೆಂಚವ್ವೆಯೊಡನೆ ವಾಸವಾಗಿದ್ದನು. ಬಿಲ್ವಿದ್ಯೆಯಲ್ಲಿ ಅವನನ್ನು ಮೀರಿಸುವವರಿದ್ದರು. ಎಲೆ ಊದುವುದರಲ್ಲಿ ಮಾತ್ರ ಇರಲಿಲ್ಲ. ಎಳೆಯ ಮುತ್ತುಗದೆಲೆಯನ್ನು ಮಡಿಚಿ ತುಟಿಗಿಟ್ಟು ಅವನು ಊದಿದರೆ ತಾಯಿಯನ್ನಗಲಿದ ಹುಲ್ಲೆಮರಿಯ ಆಕ್ರಂದನವೇ ಹೊರಟು, ಎಲ್ಲೋ ಮೇಯುತ್ತಿದ್ದ ತಾಯಿಹುಲ್ಲೆಯು ಪ್ರಾಣಭಯವನ್ನು ಮರೆತು ಓಡಿಬಂದು ಅವನ ಬಾಣದ ಎದುರಿಗೇ ನಿಲ್ಲುತ್ತಿತ್ತು.

"ನೀನು ಎಲೆ ಊದಿದ್ರೆ ನನ್ನ ಎದೇಲೂ ಹಾಲು ಜಿನುಗ್ತದೆ ಕಣ್ ಮಾವ. ಆ ಮೂಕತಾಯಿ ಗತಿ ಏನು?" ಎಂದು ಮುದ್ದವ್ವ ಎಷ್ಟೋ ಸಲ ಅಂದಳು. "ಸಾರು ಉಣ್ಣುವಾಗ ಈ ಮಾತು ಬರಲ್ವಲ್ಲ ನಿಂಗೆ!" ಎಂದು ಅವನು ನಗುತ್ತಿದ್ದನು.

ಈರಗನೇ ಮೊದಲಾದ ಆ ಕಾಡಿನ ಬೇಟೆಗಾರರೆಲ್ಲರಿಗೂ ಕಾಟಯ್ಯನೇ ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು. ಯಾರೋ ಊದಿದ ಎಲೆಯನ್ನು ನಿಜವಾದ ಮೊರೆಯೆಂದು ಭ್ರಮಿಸಿ ಇನ್ನಾರೋ ಧಾವಿಸಿ ಬಂದರೆ ಬೇಟೆಯು ಕೆಡುತ್ತಿದ್ದುದರಿಂದ, "ಕಾಡಿನ ಕೂಗಿಗೆ ಓ ಅನ್ನಬಾರದು" ಎಂದು ಅವನು ಆಣೆ ಹಾಕಿಸಿದ್ದನು.

ಒಂದು ಬೇಸಗೆಯ ಮಧ್ಯಾಹ್ನ ಕಾಟಯ್ಯನು ಪೊದೆಯ ಮರೆಯಲ್ಲಿ ಕುಳಿತಿರಲು, ಬೆಟ್ಟದ ನೆತ್ತಿಯಿಂದ ಕ್ಷೀಣವಾದ ಒಂದು ಕೂಗು ಕೇಳಿಸಿತು. "ಈರಗ ಎಲೆ ಊದ್ತಾವ್ನೆ. ನಾನು ಕಲಿಸಿದ ವಿದ್ಯೆ ನನ್ ಹತ್ರಾನೇ!" ಎಂದುಕೊಂಡು ಅವನು ಕದಲಲಿಲ್ಲ. ಕೂಗು ಮತ್ತೆ ಬಂದಿತು, ಮತ್ತೂ ಬಂದಿತು. ಆಗ ಅವನ ಮುಂದೆಯೇ ಒಂದು ಹುಲ್ಲೆಯು ಹಾದುಹೋಯಿತು. ಅದರ ಮರಿಯು ಮೂರು ದಿನದ ಹಿಂದೆ ಅವನದೇ ಬಾಣಕ್ಕೆ ಬಲಿಯಾಗಿತ್ತು. ಕೆಚ್ಚಲು ಹಾಲಿನಿಂದ ಬಿಗಿದಿತ್ತು. ಅದು ಕೂಗು ಬಂದ ದಿಕ್ಕಿಗೇ ಬಂಡೆಯೇರಿತು. ಕಾಟಯ್ಯನೂ ಬಿಲ್ಲಿಗೆ ಬಾಣ ಹೂಡಿ ಬೆನ್ನಟ್ಟಿದನು.

ನೆತ್ತಿಯ ಹೆಬ್ಬಂಡೆ ಎರಡಾಗಿ ಸೀಳಿದ್ದ ಕಡೆ ಹುಲ್ಲೆಯು ನಿಂತಿತು. ಹೆದೆಯೆಳೆದ ಬೇಟೆಗಾರನನ್ನು ನೋಡಿಯೂ ಓಡದೆ, ಕತ್ತು ಬಗ್ಗಿಸಿ ಸೀಳಿನೊಳಗೇ ನೋಡತೊಡಗಿತು. ಒಳಗಿನಿಂದ ಬಂದ ದನಿಯು ಎಲೆಯದಾಗಿರಲಿಲ್ಲ.

"ಅಪ್ಪಾ..."

ಅಪ್ಪನಿಗೆ ಬುತ್ತಿ ಕೊಡಲೆಂದು ಹೊರಟು ದಾರಿ ತಪ್ಪಿದ ಕೆಂಚವ್ವೆಯು ಕೈಗೆಟುಕದ ಆಳದಲ್ಲಿ ಸಿಕ್ಕಿಬಿದ್ದಿದ್ದಳು. ಕಾಟಯ್ಯನ ಕೈಯಿಂದ ಬಿಲ್ಲು ಜಾರಿತು. ಅವನು ತೋಳು ಚಾಚಿದನು, ಎಟುಕಲಿಲ್ಲ. ಬಳ್ಳಿ ಇಳಿಬಿಟ್ಟನು, ಹಿಡಿಯಲು ಮಗುವಿಗೆ ತ್ರಾಣವಿರಲಿಲ್ಲ. "ಈರಗಾ! ಯಾರಾದ್ರೂ ಬನ್ರಪ್ಪೋ, ನನ್ನ ಕೂಸು ಸಾಯ್ತದೆ!" ಎಂದು ನಾಲ್ಕು ದಿಕ್ಕಿಗೂ ಮೊರೆಯಿಟ್ಟನು. ಕೆಳಗಿನ ಪೊದೆಗಳಲ್ಲಿ ಏಳು ಜನ ಬೇಟೆಗಾರರಿದ್ದರು. "ಕಾಟಣ್ಣ ನಮ್ಮನ್ನ ಪರೀಕ್ಷೆ ಮಾಡ್ತಾವ್ನೆ, ಓ ಅಂದೀರಿ ಜೋಕೆ!" ಎಂದು ಈರಗನು ಪಿಸುಗುಟ್ಟಿದನು. ಯಾರೂ ಏಳಲಿಲ್ಲ.

ತಾನು ಹಾಕಿದ ಕಟ್ಟಳೆ ತನ್ನ ಮಗುವಿಗೇ ಮೃತ್ಯುಪಾಶವಾಯಿತೆಂಬುದು ಅವನಿಗೆ ಅರಿವಾದದ್ದು ಆಗ. ಅವನು ಬಿಲ್ಲನ್ನು ಮೊಣಕಾಲಿಗೆ ಕೊಟ್ಟು ಮುರಿದು, ಆ ಹುಲ್ಲೆಯ ಪಾದದ ಬಳಿ ಮುಖವಿಟ್ಟು, "ತಾಯೀ, ನಿನ್ನ ಕೂಸಿನ ದನಿ ಕದ್ದವನು ನಾನು. ನನ್ನ ಕೂಗಿಗೆ ಬೆಲೆಯಿಲ್ಲ. ಅವಳ ಕೂಗಿಗಾದರೂ ಓ ಅನ್ನು" ಎಂದು ಗೋಳಾಡಿದನು.

ಆಗ ಬಂಡೆಯ ಗರ್ಭದಿಂದ "ಓ!" ಎಂಬ ಗಂಭೀರನಾದವು ಹೊಮ್ಮಿ ಗಿರಿಯೆಲ್ಲ ಕಂಪಿಸಿತು. "ವತ್ಸಾ, ತಾಯ ಕಿವಿಯನ್ನು ವಂಚಿಸಿದವನು ನೀನು, ವಂಚಿತಳಾದ ತಾಯಿಯೇ ಇಂದು ನಿನ್ನ ಮಗುವಿಗೆ ಕಿವಿಯಾದಳು. ಅವಳು ಬೇರೆಯಲ್ಲ, ನಾನು ಬೇರೆಯಲ್ಲ. ಇನ್ನು ಈ ಬೆಟ್ಟದಲ್ಲಿ ಯಾವ ಕೂಗೂ ಅನಾಥವಾಗದಿರಲಿ" ಎಂದು ದೇವಿಯ ಅಪ್ಪಣೆಯಾಯಿತು. ಒಡನೆಯೇ ಒಣಕಲ್ಲಿನ ಸೀಳಿನಲ್ಲಿ ಶೀತಲಜಲವು ಉಕ್ಕಿ ಮೆಲ್ಲಮೆಲ್ಲನೆ ಮೇಲೇರಿ, ತಾವರೆಯೆಲೆಯನ್ನು ಎತ್ತುವಂತೆ ಮಗುವನ್ನು ಎತ್ತಿ ತಂದು ತಂದೆಯ ತೋಳಿಗಿತ್ತಿತು. ಹುಲ್ಲೆಯು ನಿಂತಿದ್ದಲ್ಲಿ ಗೊರಸಿನ ಗುರುತು ಮಾತ್ರ ಉಳಿದಿತ್ತು.

ಅಂದಿನಿಂದ ಕಾಟಯ್ಯನು ಬೆಟ್ಟದ ಮೇಲೆಯೇ ಗುಡಿಸಲು ಹಾಕಿ, ದಾರಿ ತಪ್ಪಿದವರು, ಸೌದೆಗೆ ಬಂದವರು, ಕರು ಕಳೆದುಕೊಂಡವರು, ಯಾರೇ ಕೂಗಲಿ, ಓ ಎಂದು ಓಡುತ್ತಿದ್ದನು. "ಹತ್ತು ವರ್ಷ ಕರೆದ್ರೂ ಹೂಂ ಅನ್ನದವನು, ಈಗ ಕೆಮ್ಮಿದ್ರೂ ಓ ಅಂತೀಯಲ್ಲ ಮಾವ!" ಎಂದು ಮುದ್ದವ್ವ ಹಾಸ್ಯ ಮಾಡುವಳು. ಮುಂದೊಮ್ಮೆ ಕಾಳ್ಗಿಚ್ಚು ಹಬ್ಬಿ, ಹೊಗೆಯಲ್ಲಿ ದಿಕ್ಕುಗೆಟ್ಟ ಈರಗನೂ ಅವನ ಸಂಗಡಿಗರೂ ಕೂಗಿಕೊಂಡಾಗ, ಕಾಟಯ್ಯನ ಓಕಾರವನ್ನೇ ಹಗ್ಗದಂತೆ ಹಿಡಿದು ಏಳು ಜನರೂ ಬದುಕಿ ಮೇಲೆ ಬಂದರು. ಆ ದಿನವೇ ಅವರು ತಮ್ಮ ಏಳು ಬಿಲ್ಲುಗಳನ್ನೂ ಅಮ್ಮನವರ ಪಾದಕ್ಕಿಟ್ಟು ಹಳೆಯ ಕಟ್ಟಳೆಯನ್ನು ಮುರಿದರು.

ಆ ಸೀಳೇ ಈಗ ನೀವು ತೀರ್ಥ ತೆಗೆದುಕೊಂಡ ದೊಣೆ. ಎಂಥ ಬೇಸಗೆಯಲ್ಲೂ ಬತ್ತದು. ಅದರ ದಡದ ಗೊರಸಿನ ಗುರುತಿಗೇ ಮೊದಲ ಅರಿಶಿನ. ಮುತ್ತುಗ ಹೂಬಿಡುವ ಮಾಸದ ಹುಣ್ಣಿಮೆಯ ದಿನ, ಮಾತು ಬಿಟ್ಟ ಅಣ್ಣತಮ್ಮಂದಿರು, ಮುನಿಸಿಕೊಂಡ ಅತ್ತೆಸೊಸೆಯರು ದೊಣೆಯ ಎರಡು ದಡಗಳಲ್ಲಿ ನಿಲ್ಲುತ್ತಾರೆ. ಒಬ್ಬರು ಹೆಸರು ಹಿಡಿದು ಕೂಗಬೇಕು. ಇನ್ನೊಬ್ಬರು ಎಷ್ಟೇ ಸಿಟ್ಟಿದ್ದರೂ ಓ ಅನ್ನಲೇಬೇಕು. ಅನ್ನಲು ತಡವಾದರೆ ಬಂಡೆಯೇ ಮೊದಲು ಅಂದುಬಿಡುತ್ತದೆ. ನೀವೂ ಒಮ್ಮೆ ಕೂಗಿ ನೋಡಿ.

ಕಿವಿಗೊಟ್ಟು ಕೇಳಿದ ನಿಮಗೆಲ್ಲ ಅಮ್ಮನವರು ಮಂಗಳವನ್ನುಂಟುಮಾಡಲಿ. ನೀವು ಕರೆದಾಗ ಓ ಅನ್ನುವವರು ನಿಮ್ಮ ಮನೆಯಲ್ಲಿ ಸದಾ ಇರಲಿ, ಇನ್ನೊಬ್ಬರು ಕರೆದಾಗ ಓ ಅನ್ನುವ ಬಾಯಿ ನಿಮಗಿರಲಿ.