ಗಾಣದಮ್ಮನ ಮೂರು ಪ್ರಶ್ನೆ

“ಬುದ್ಧಿ, ಫೋನಿನಲ್ಲಿ ಮಾತಾಡುವವನು ಬ್ಯಾಂಕಿನವನೋ ಕಳ್ಳನೋ ಅಂತ ತಿಳಿಯಬೇಕಾದರೆ ಅವನನ್ನು ಏನು ಕೇಳಬೇಕು?”

ಮಠದ ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲ. ಮಠದ ದಾಸೋಹದ ಪಾಸ್‌ಬುಕ್ಕು, ಮಠದ ಫೋನು ಎರಡೂ ಅವನ ಕೈಯಲ್ಲಿ. ಬೆಳಿಗ್ಗೆ ಅವನಿಗೊಂದು ಕರೆ ಬಂದಿತ್ತು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ. ನಿಮ್ಮ ಖಾತೆಗೆ ಯಾರೋ ಕೈ ಹಾಕಿದ್ದಾರೆ. ಹನ್ನೊಂದು ಗಂಟೆಗೆ ಮತ್ತೆ ಕರೆ ಮಾಡುತ್ತೇನೆ. ಆಗ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಓದಿ ಹೇಳಿ. ಇಲ್ಲದಿದ್ದರೆ ಹಣವೆಲ್ಲ ಹೋಗುತ್ತದೆ’ ಎಂದು ಆ ಕಡೆಯವನು ಹೇಳಿದ್ದ. ಆ ಖಾತೆಯಲ್ಲಿದ್ದದ್ದು ಮಠಕ್ಕೆ ಬಂದವರ ಒಂದು ವರ್ಷದ ಊಟ. ಗುರುಮಲ್ಲ ಬೆವತು ಹೋಗಿದ್ದ. ಆದರೂ ತಾನು ಜಾಣನೆಂಬ ನಂಬಿಕೆ ಅವನಿಗೆ ಹೋಗಿರಲಿಲ್ಲ. ಆ ಮನುಷ್ಯನನ್ನು ಪರೀಕ್ಷೆ ಮಾಡಲು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ.

ಗುರುಗಳು ಗಡಿಯಾರ ನೋಡಿದರು. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇತ್ತು.

“ಚೀಟಿ ಮಡಚಿ ಇಟ್ಟುಕೋ. ಒಂದು ಕತೆ ಹೇಳುತ್ತೇನೆ, ಕೇಳು.”

“ಬುದ್ಧಿ, ಹೊತ್ತಿಲ್ಲ...”

“ಆತುರಗಾರನಿಗೆ ಬುದ್ಧಿ ಮಟ್ಟ. ಕೂತುಕೋ ಅಂದೆ.”

ರಸ್ತೆಯ ಆಚೆ ಬ್ಯಾಂಕಿನ ಕಾವಲುಗಾರ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ ಸೈಕಲ್ಲು ತೆಗೆಯುವಂತೆ ಯಾರಿಗೋ ಗದರುತ್ತಿದ್ದ. ಆ ಗದ್ದಲ ನಿಲ್ಲುವವರೆಗೆ ಕಾದು ಗುರುಗಳು ಶುರು ಮಾಡಿದರು.

“ಒಂದೂರಿನಲ್ಲಿ ಒಬ್ಬ ಗಾಣದಮ್ಮ ಇದ್ದಳು. ಎಳ್ಳೆಣ್ಣೆ ತೆಗೆದು ಮಾರುವವಳು. ಗಂಡನಿಲ್ಲ. ಗಾಣ ಸುತ್ತುವ ಎತ್ತಿಗೆ ಮುಪ್ಪು ಬಂದಿತ್ತು, ಹತ್ತು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಹೊಸ ಎತ್ತು ತರಬೇಕೆಂದು ಆಕೆ ವರ್ಷಕ್ಕೊಂದರಂತೆ ಹನ್ನೆರಡು ಚಿನ್ನದ ಗುಂಡು ಮಾಡಿಸಿ, ಅದೇ ಬೀದಿಯ ಸಾಹುಕಾರನ ಹತ್ತಿರ ಇಟ್ಟಿದ್ದಳು.

“ಆ ಸಾಹುಕಾರನದೊಂದು ಪದ್ಧತಿ. ಯಾರಾದರೂ ಒಡವೆ ಇಡಲು ಬಂದರೆ ಒಂದು ಕರಟ ಒಡೆದು ಎರಡು ಹೋಳು ಮಾಡುತ್ತಿದ್ದ. ಒಂದು ಹೋಳು ಪೆಟ್ಟಿಗೆಗೆ, ಇನ್ನೊಂದು ಇಟ್ಟವರ ಕೈಗೆ. ಹೋಳಿಗೆ ಹೋಳು ಕೂಡಿದರೆ ಪೆಟ್ಟಿಗೆ ಕೊಟ್ಟುಬಿಡುತ್ತಿದ್ದ, ತಂದವರು ಯಾರೆಂದು ನೋಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ‘ಈ ಹೋಳು ಕೇಳಿಕೊಂಡು ನಾನು ಯಾರನ್ನೂ ಕಳಿಸುವುದಿಲ್ಲ. ಕೇಳಿಕೊಂಡು ಬಂದವನು ನನ್ನವನಲ್ಲ.’ ಗಾಣದಮ್ಮ ತಲೆ ಆಡಿಸಿದಳು. ಎಣ್ಣೆ ಅಳೆಯುವ ಕರಟಗಳ ರಾಶಿಯಲ್ಲಿ ತನ್ನ ಹೋಳನ್ನು ಬಚ್ಚಿಟ್ಟಳು. ದೇವರೇ ಬಂದು ಹುಡುಕಿದರೂ ಸಿಗಬಾರದು, ಹಾಗೆ.

“ಒಂದು ದಿನ ತಲೆಗೆ ಪೇಟ ಸುತ್ತಿ, ಕಂಕುಳಲ್ಲಿ ಕಡತ ಇಟ್ಟುಕೊಂಡು ಒಬ್ಬ ಓಡಿ ಬಂದ. ‘ತಾಯೀ, ನಾನು ಸಾಹುಕಾರರ ಗುಮಾಸ್ತ. ಯಾರೋ ನಿಮ್ಮ ಹೆಸರಿನಲ್ಲಿ ಸುಳ್ಳು ಕರಟ ತಂದು ಪೆಟ್ಟಿಗೆ ಕೇಳುತ್ತಿದ್ದಾರೆ. ನಿಮ್ಮ ಹೋಳು ಕೊಡಿ, ತೋರಿಸಿ ತಡೆಯುತ್ತೇನೆ. ನೀವು ಹೊರಗೆ ಬರಬೇಡಿ, ಯಾರಿಗೂ ಹೇಳಬೇಡಿ, ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ’ ಎಂದ.

“ಗಾಣದಮ್ಮನಿಗೆ ಎದೆ ಝಲ್ ಎಂದಿತು. ಆದರೆ ಸಂತೆಯಲ್ಲಿ ಒಂದು ತೊಟ್ಟು ಎಣ್ಣೆ ಹೆಚ್ಚು ಹಾಕದ ಹೆಂಗಸು ಅವಳು. ಸುಮ್ಮನೆ ಕೊಡುತ್ತಾಳೆಯೇ? ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ‘ನೀನು ಸಾಹುಕಾರರ ಕಡೆಯವನೇ ಆದರೆ ಹೇಳು. ನನ್ನ ಪೆಟ್ಟಿಗೆಯಲ್ಲಿ ಹನ್ನೆರಡು ಗುಂಡು ಇರುವುದು ನಿನಗೆ ಗೊತ್ತೋ ಇಲ್ಲವೋ?’

“‘ಹನ್ನೆರಡೇ ತಾಯಿ, ಬರೆದಿಟ್ಟವನೇ ನಾನು’ ಎಂದ.

“‘ಅವನ್ನು ಕೆಂಪು ದಾರದಲ್ಲಿ ಪೋಣಿಸಿದ್ದೇನೆ, ಹೌದೋ ಅಲ್ಲವೋ?’

“‘ಕೆಂಪು ದಾರವೇ. ನೋಡಿದ ನೆನಪು ಇನ್ನೂ ಕಣ್ಣಲ್ಲಿದೆ.’

“ಇಷ್ಟಕ್ಕೆ ಬಿಟ್ಟರೆ ಅವಳು ಗಾಣದಮ್ಮನೇ ಅಲ್ಲ. ‘ಹಾಗಾದರೆ ಸಾಹುಕಾರರ ಹೆಂಡತಿಯ ಹೆಸರು ಹೇಳು ನೋಡೋಣ’ ಎಂದಳು. ಅವನು ಎರಡೂ ಕೆನ್ನೆಗೆ ಬಡಿದುಕೊಂಡ. ‘ಬಿಡ್ತು ಅನ್ನಿ ತಾಯಿ! ನನಗೆ ಅನ್ನ ಹಾಕುವ ಅಮ್ಮನವರು. ಅವರ ಹೆಸರನ್ನು ನನ್ನ ಬಾಯಲ್ಲಿ ಆಡಿಸುತ್ತೀರಾ?’

“ಗಾಣದಮ್ಮನಿಗೆ ನಾಚಿಕೆಯಾಯಿತು. ಅಯ್ಯೋ, ಎಂಥ ಮರ್ಯಾದಸ್ಥನನ್ನು ಅನುಮಾನಿಸಿದೆನಲ್ಲ ಎಂದು ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಬಿಸಿಲಲ್ಲಿ ಓಡಿ ಬಂದಿದ್ದಾನೆಂದು ನೆತ್ತಿಗೆ ಎಣ್ಣೆಯನ್ನೂ ತಟ್ಟಿದಳು, ಕಾಸು ಕೇಳದೆ. ಕಡೆಗೆ ದೇವರಿಗೂ ಸಿಗದ ಹೋಳನ್ನು ತಾನೇ ಹುಡುಕಿ, ಒರೆಸಿ, ಅವನ ಕೈಗಿಟ್ಟಳು.

“ಸಂಜೆ ಸಾಹುಕಾರನ ಮನೆಗೆ ಹೋದಳು. ಯಾಕೆ ಗೊತ್ತೇ? ಅಂಥ ಒಳ್ಳೆಯ ಗುಮಾಸ್ತನನ್ನು ಕಳಿಸಿದ್ದಕ್ಕೆ ಉಪಕಾರ ಹೇಳಲು! ಸಾಹುಕಾರ ಕಕ್ಕಾಬಿಕ್ಕಿಯಾದ. ‘ನನಗೆ ಗುಮಾಸ್ತನೇ ಇಲ್ಲವಲ್ಲಮ್ಮ. ಮಧ್ಯಾಹ್ನ ಒಬ್ಬ ಬಂದ. ಯಾವ ಪೆಟ್ಟಿಗೆ ಅಂದೆ. ಗಾಣದಮ್ಮನದು, ಹನ್ನೆರಡು ಗುಂಡು, ಕೆಂಪು ದಾರ ಅಂದ. ಹೋಳೂ ಕೂಡಿತು, ಕೊಟ್ಟೆ.’

“ಗಾಣದಮ್ಮ ಬಾಯಿ ಬಾಯಿ ಬಡಿದುಕೊಂಡಳು. ‘ಮೂರು ಸಲ ಪರೀಕ್ಷೆ ಮಾಡಿದೆನಲ್ಲಪ್ಪಾ!’ ಎಂದು ಅತ್ತಳು. ಸಾಹುಕಾರನಿಗೂ ಸಂಕಟವಾಯಿತು. ‘ನಿನ್ನ ಮನೆಯಿಂದ ನಾಲ್ಕನೇ ಮನೆ ನನ್ನದು. ಬೆಳಗಿನಿಂದ ಈ ಜಗಲಿಯ ಮೇಲೇ ಕೂತಿದ್ದೆ. ಅವನನ್ನು ಮೂರು ಪ್ರಶ್ನೆ ಕೇಳುವ ಬದಲು ಬಂದು ನನ್ನನ್ನು ಒಂದು ಕೇಳಬಾರದಿತ್ತೇ ತಾಯಿ?’ ಎಂದ.

“ಆ ವರ್ಷ ಹೊಸ ಎತ್ತು ಬರಲಿಲ್ಲ. ಮುದಿ ಎತ್ತು ನಿಂತಾಗಲೆಲ್ಲ ಗಾಣದಮ್ಮನೇ ಹಿಂದಿನಿಂದ ಗಾಣದ ತೊಲೆ ತಳ್ಳಿದಳು. ಅವಳ ಪಾಡು ಇರಲಿ, ಅವಳು ಪ್ರಶ್ನೆಯನ್ನಾದರೂ ಕೇಳಿದ್ದಳು. ನನಗೆ ಅಯ್ಯೋ ಅನಿಸುವುದು ಆ ಎತ್ತನ್ನು ನೆನೆದರೆ.”

ಗುರುಮಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಎಂಥ ಪೆದ್ದಿ, ಬುದ್ಧಿ! ಪ್ರಶ್ನೆಯ ಒಳಗೇ ಉತ್ತರ ಕಟ್ಟಿ ಕೊಟ್ಟಳಲ್ಲ!”

ಗುರುಗಳು ಕೈ ಚಾಚಿದರು. ಗುರುಮಲ್ಲ ನಗುತ್ತಲೇ ಚೀಟಿ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು.

“‘ನಮ್ಮ ಖಾತೆ ದಾಸೋಹ ಸಮಿತಿಯ ಹೆಸರಿನಲ್ಲಿದೆ, ಹೌದೋ ಅಲ್ಲವೋ?’”

ಗುರುಮಲ್ಲನ ನಗು ನಿಂತಿತು. ಗುರುಗಳು ಎರಡನೆಯದನ್ನು ಓದಲು ಹೋಗಲಿಲ್ಲ. ಗಡಿಯಾರ ಹನ್ನೊಂದು ಹೊಡೆಯಿತು. ಫೋನು ಬಡಿದುಕೊಳ್ಳತೊಡಗಿತು. ಗುರುಮಲ್ಲ ಅದನ್ನು ಕೆಂಡ ಹಿಡಿದವನಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

“ಬುದ್ಧಿ, ಈಗ ಇವನನ್ನು ಏನು ಕೇಳಲಿ?”

ಗುರುಗಳು ಕಿಟಕಿಯ ಕಡೆ ನೋಡಿದರು. ಆಚೆ ಬದಿಯಲ್ಲಿ ಕಾವಲುಗಾರ ಮತ್ತೆ ಸೈಕಲ್ಲಿನ ಜೊತೆ ಜಗಳಾಡುತ್ತಿದ್ದ.

“ಗುರುಮಲ್ಲ, ನಮ್ಮ ಹೊಸ್ತಿಲಿನಿಂದ ಬ್ಯಾಂಕಿಗೆ ಎಷ್ಟು ಹೆಜ್ಜೆ?”