ಮೆಲುಕು ನಿಲ್ಲಿಸಿದ ತುಂಬೆ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಸಾಕು. ಬಿಳಿಗಲ್ಲು ಅಂತ ಒಂದು ರಾಜ್ಯ. ಅದನ್ನು ಆಳುತ್ತಿದ್ದವಳು ರಾಣಿ ದೇವೀರಮ್ಮ. ತವರಿನವರು ಬಳುವಳಿಯಾಗಿ ಕೊಟ್ಟ ಹಸು ಒಂದು ಅವಳಿಗಿತ್ತು. ಹೆಸರು ತುಂಬೆ. ಅರಮನೆಯ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವನು ಹಾಲಪ್ಪ. ಹೆಸರೇನೋ ಹಾಲಪ್ಪ, ಮನಸ್ಸು ಮಾತ್ರ ಹುಳಿ ಮಜ್ಜಿಗೆ.

ತುಂಬೆ ಗಬ್ಬವಾಗಿತ್ತು. ಕರು ಹಾಕುವ ಕಾಲ ಹತ್ತಿರವಾಯಿತೆಂದು ಹಾಲು ಕರೆಯುವುದನ್ನು ನಿಲ್ಲಿಸಿದರು. ಬಸುರಿ ಮಗಳು ತವರಿಗೆ ಹೋಗಿ ಉಂಡು ಮಲಗುತ್ತಾಳಲ್ಲ, ಹಸುವಿಗೂ ಹಾಗೇ ಒಂದು ಬಿಡುವು ಬೇಕು. ಹಾಲು ಕೊಡದ ಹಸುವಿಗೆ ಮೇವು ಹಾಕುವುದು ಹಾಲಪ್ಪನಿಗೆ ದಂಡ ಅನ್ನಿಸಿತು. ಅರಮನೆಯ ಹುಲ್ಲೆಲ್ಲ ಹೊರೆ ಹೊರೆಯಾಗಿ ಅವನ ಮನೆಯ ಎಮ್ಮೆಗೆ ಹೋಯಿತು.

ರಾಣಿ ಒಂದು ಸಲ ಬಂದಳು. "ಹಾಲಪ್ಪಾ, ತುಂಬೆ ಯಾಕೋ ಸೊರಗಿದ್ದಾಳೆ?"

"ಒಳಗೆ ಕರು ಬೆಳೀತಾ ಐತೆ ತಾಯಿ."

ಇನ್ನೊಂದು ಸಲ ಬಂದಳು. "ಪಕ್ಕೆಲುಬು ಕಾಣ್ತಿದೆಯಲ್ಲೋ!"

"ಬಿಸಿಲು ತಾಯಿ, ಬಿಸಿಲು."

ಮೂರನೇ ಸಲ ರಾಣಿ ಬರುವ ಸುದ್ದಿ ಮೊದಲೇ ಗೊತ್ತಾಯಿತು. ಕಳ್ಳ ಹಾಲಪ್ಪ ಉಗ್ರಾಣಕ್ಕೆ ಓಡಿದ. ಬುಟ್ಟಿಗಟ್ಟಲೆ ಜೋಳದ ಹಿಟ್ಟನ್ನು ತಂದು ತುಂಬೆಯ ಮುಂದೆ ಸುರಿದ. ಹಸಿದಿದ್ದ ಹಸು ಗಬಗಬನೆ ತಿಂದಿತು. ಕೆಲವು ಗಳಿಗೆ ಕಳೆದು ರಾಣಿ ಬಂದಳು.

"ನೋಡಿ ತಾಯಿ, ಹೊಟ್ಟೆ ಹೆಂಗೆ ತುಂಬೈತೆ!"

ತುಂಬಿರಲಿಲ್ಲ, ಉಬ್ಬಿತ್ತು. ತುಂಬೆ ನರಳುತ್ತಾ ಮಲಗಿತ್ತು. ರಾಣಿ ಅದರ ಎಡಪಕ್ಕೆಗೆ ಮುಷ್ಟಿ ಒತ್ತಿ ಹಿಡಿದಳು. ಹಸು ಚೆನ್ನಾಗಿದ್ದರೆ ಒಳಗೆ ಮೇವು ಹೊರಳಾಡುವುದು ಕೈಗೆ ತಿಳಿಯಬೇಕು. ಏನೂ ತಿಳಿಯಲಿಲ್ಲ. ಮೆಲುಕು ನಿಂತುಹೋಗಿತ್ತು. ಹೀಗೇ ಬಿಟ್ಟರೆ ಹಸುವೂ ಇಲ್ಲ, ಕರುವೂ ಇಲ್ಲ.

"ಇಷ್ಟು ದಿನ ಏನು ಹಾಕಿದ್ದೆ? ನಿಜ ಹೇಳು."

"ಹೊಟ್ಟೆ ತುಂಬ ಹುಲ್ಲು ತಾಯಿ, ನನ್ನಾಣೆ."

ನಿಜ ಗೊತ್ತಾಗದೆ ಮದ್ದು ಮಾಡುವುದು ಹೇಗೆ? ಬೇರೆ ಕಥೆಗಳಲ್ಲಿ ಹಸುಗಳು ಮಾತಾಡುತ್ತವೆ. ಈ ಬಡಪಾಯಿಗೆ ಮಾತು ಬರುತ್ತಿರಲಿಲ್ಲ. ರಾಣಿ ಕೋಪ ನುಂಗಿಕೊಂಡು ನಕ್ಕಳು.

"ಹೋಗಲಿ ಬಿಡು. ನಿನ್ನ ಎಮ್ಮೆ ಮೈ ಕೈ ತುಂಬಿಕೊಂಡಿದೆಯಂತೆ. ಈಗಲೇ ಹಿಡಕೊಂಡು ಬಾ, ಅರಿಶಿನ ಕುಂಕುಮ ಇಟ್ಟು ಹಾರ ಹಾಕ್ತೀನಿ."

ಹಾಲಪ್ಪ ಉಬ್ಬಿಹೋದ. ಓಡಿಹೋಗಿ ಎಮ್ಮೆ ತಂದ. ಮೈ ಮಿರಿಮಿರಿ ಮಿಂಚುತ್ತಿತ್ತು, ಬಾಯಿ ನಿಧಾನವಾಗಿ ಮೆಲುಕಾಡುತ್ತಿತ್ತು.

"ಇದೂ ಗಬ್ಬದ ಎಮ್ಮೆ, ಹಾಲು ಬತ್ತಿದೆ. ಇದಕ್ಕೆ ಇಷ್ಟು ಮೇವು ದಂಡ ಅಲ್ವೇನೋ?"

"ಅಯ್ಯೋ ತಾಯಿ, ಅಲ್ಲೇ ಎಲ್ರೂ ಕೆಡೋದು! ಈಗ ಉಪವಾಸ ಕೆಡವಿದ್ರೆ ಹೊಟ್ಟೆ ಕೆಲಸಾನೇ ಮರೆತುಬಿಡ್ತದೆ. ಆಮೇಲೆ ಒಮ್ಮೆಗೇ ಹಿಟ್ಟು ಸುರಿದ್ರೆ ಉಬ್ಬರ ಬಂದು ಸಾಯ್ತದೆ. ಅದಕ್ಕೇ ನಾನು ದಿನಾ ಒಣಹುಲ್ಲು ಹಾಕಿ, ಕಡೇ ದಿನಗಳಲ್ಲಿ ಹಿಂಡಿ ಒಂದೊಂದೇ ಹಿಡಿ..."

ಅಷ್ಟು ಹೇಳಿ ತಾನೇ ಬಾಯಿ ಮುಚ್ಚಿಕೊಂಡ.

"ಎಲ್ಲ ಗೊತ್ತಿದ್ದೂ ಹೀಗೆ ಮಾಡಿದೆಯಾ!" ಎಂದಳು ರಾಣಿ. "ಹಿಟ್ಟು ತೆಗೆ. ನಿನ್ನ ಮನೆಯ ಹುಲ್ಲಿನ ಹೊರೆ ಹೊತ್ತು ತಾ. ನೀನೇ ಕೂತು ತಿನ್ನಿಸು."

ಹಾಲಪ್ಪ ತಲೆ ತಗ್ಗಿಸಿ ಕೂತ. ಮೊದಲ ದಿನ ತುಂಬೆ ಹುಲ್ಲು ಮೂಸಿತು. ಎರಡನೇ ದಿನ ನಾಲ್ಕು ಎಳೆ ತಿಂದಿತು. ಮೂರನೇ ದಿನ ಬೆಳಿಗ್ಗೆ ದೊಡ್ಡದಾಗಿ ತೇಗಿ, ದವಡೆ ಆಡಿಸತೊಡಗಿತು. ರಾಣಿ ಅತ್ತಳು, ನಕ್ಕಳು, ತುಂಬೆಯ ಕುತ್ತಿಗೆ ತಬ್ಬಿಕೊಂಡಳು. ಅಬ್ಬಾ, ಹೇಳುತ್ತಿರುವ ನನಗೂ ಈಗ ಉಸಿರು ಬಂತು!

ಆಮೇಲೆ ತುಂಬೆ ಸುಖವಾಗಿ ಹೆಣ್ಣುಕರು ಹಾಕಿತು. ಅರಮನೆಯಲ್ಲಿ ಎಲ್ಲರಿಗೂ ಗಿಣ್ಣು ಹಂಚಿದರು. ಹಾಲಪ್ಪನಿಗೂ ಒಂದು ತುಂಡು ಸಿಕ್ಕಿತು. ಕೊಟ್ಟಿಗೆಯ ಅಧಿಕಾರ ಮಾತ್ರ ಸಿಗಲಿಲ್ಲ.

ತಿಳೀತಾ ಮಕ್ಕಳೇ? ದುಡಿಯುವ ಜೀವ ಬಿಡುವಿನಲ್ಲಿರುವಾಗ ಅದರ ತುತ್ತು ಕಸಿಯಬಾರದು. ಮುಂದಿನ ದುಡಿಮೆಗೆ ಬಲ ಬರುವುದು ಆ ತುತ್ತಿನಿಂದಲೇ.